ಮ್ಯಾರಥಾನ್ ತಯಾರಿಯ ನಡುವೆ ಒಂದು ಮದುವೆ

ಮ್ಯಾರಥಾನ್ ಅಂದರೆ 42 ಕಿಲೋಮೀಟರ್, ಮೇಲೆ 195 ಮೀಟರ್. ಮಂಗಳೂರಿನಿಂದ ಉಡುಪಿ ಕಡೆಗೆ ಹೊರಟವನು ಸುರತ್ಕಲ್, ಮುಲ್ಕಿ, ಪಡುಬಿದ್ರಿ ಎಲ್ಲ ದಾಟಿ ಕಾಪುವಿನ ಹತ್ತಿರಕ್ಕೆ ಬರುವಷ್ಟು ದೂರ. ಬಸ್ಸಿನಲ್ಲಿ ಕೂತರೂ ಒಂದು ಸಣ್ಣ ನಿದ್ದೆ ಆಗುತ್ತದೆ. ನೋಡುವವರಿಗೆ ಅದು ಒಂದು ಬೆಳಿಗ್ಗೆಯ ಕೆಲಸ. ಓಡುವವನಿಗೆ ಹದಿನಾರೋ ಹದಿನೆಂಟೋ ವಾರದ ಕೆಲಸ. ಆ ವಾರಗಳಲ್ಲಿ ಎಲ್ಲಕ್ಕಿಂತ ಭಾರದ್ದು ಓಟಕ್ಕೆ ಮೂರು ವಾರ ಇರುವಾಗ ಬರುವ ವಾರ. ತಯಾರಿಯ ಅತಿ ಉದ್ದದ ಓಟ, ಸಾಧಾರಣ 30ರಿಂದ 32 ಕಿಲೋಮೀಟರ್, ಅದರ ಕೊನೆಗೆ ಬರುತ್ತದೆ. ಅಲ್ಲಿಂದ ಮುಂದೆ ದೂರ ಕಡಿಮೆ ಮಾಡುತ್ತಾ ಬರಬೇಕು, ಓಟದ ದಿನಕ್ಕೆ ಕಾಲು ಹಗುರ ಆಗಬೇಕು.

ಮುಂಬೈ ಮ್ಯಾರಥಾನ್ 2004ರಲ್ಲಿ ಶುರುವಾದದ್ದು. ಸಾಮಾನ್ಯವಾಗಿ ಜನವರಿಯ ಮೂರನೇ ಭಾನುವಾರ ನಡೆಯುತ್ತದೆ. ನನ್ನ ಹೆಸರು ಈ ಸಲ ಅದರಲ್ಲಿ ಉಂಟು. ಹಾಗಾಗಿ ಆ ಭಾರದ ವಾರ ಬಂದದ್ದು ಡಿಸೆಂಬರ್ ಕೊನೆಗೆ. ಗಲ್ಫಿನಿಂದ ರಜೆಯಲ್ಲಿ ಬಂದವರೆಲ್ಲ ಊರಲ್ಲಿರುವ ಸಮಯ, ವಾರಕ್ಕೆ ನಾಲ್ಕು ಮದುವೆ ಕಾಗದ. ಅದರಲ್ಲೊಂದು ನನ್ನ ಅಕ್ಕನ ಮಗಳದ್ದೇ, ಅದೇ ಭಾನುವಾರ ಮಧ್ಯಾಹ್ನ.

46ರ ಪ್ರಾಯಕ್ಕೆ ಇದೆಲ್ಲ ಯಾಕೆ ಮಾರಾಯ ಅಂತ ಕೇಳುವವರಿಗೆ ನಾನು ಒಂದೇ ಉತ್ತರ ಕೊಡುವುದು. ಉಪ್ಪನಿಗೆ ಶುಗರ್ ಇತ್ತು. 61ನೇ ವಯಸ್ಸಿಗೆ ಬಲಗಾಲಿನ ಹೆಬ್ಬೆರಳು ತೆಗೆಯಬೇಕಾಯ್ತು, ಮತ್ತೆ ಎರಡು ವರ್ಷಕ್ಕೆ ಅರ್ಧ ಪಾದ. ಕೊನೆಯ ವರ್ಷಗಳಲ್ಲಿ ಮಸೀದಿಗೆ ಹೋಗಲು ಆಗದೆ ಜಗಲಿಯಲ್ಲಿ ಕುರ್ಚಿ ಹಾಕಿ ಕೂತು ಬಾಂಗ್ ಕೇಳುತ್ತಿದ್ದರು. ನಾಲ್ಕು ವರ್ಷದ ಹಿಂದೆ ನನ್ನ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.2 ಬಂತು. 5.7ರಿಂದ 6.4ರ ನಡುವೆ ಇದ್ದರೆ ಅದು ಕಾಯಿಲೆಯ ಬಾಗಿಲು, ಒಳಗೆ ಹೋಗುವುದೋ ಹಿಂದೆ ಬರುವುದೋ ಇನ್ನೂ ನಿಮ್ಮ ಕೈಯಲ್ಲಿ ಉಂಟು ಅಂತ ಡಾಕ್ಟ್ರು ಹೇಳಿದರು. ನಡಿಗೆ ಶುರುವಾದದ್ದು ಹಾಗೆ. ನಡಿಗೆ ಓಟವಾಯ್ತು. ಈಗ 5.5.

ನಮ್ಮಲ್ಲಿ ಶುಗರ್ ಇಲ್ಲದ ಮನೆ ಹುಡುಕುವುದು ಕಷ್ಟ. ಆದರೆ ಸಪೂರ ಆದವನನ್ನು ಕಂಡರೆ ಮೊದಲು ಕೇಳುವ ಪ್ರಶ್ನೆಯೂ ಅದೇ: “ಎಂತ, ಸೊರಗಿದ್ದೀರಿ, ಶುಗರಾ?” ಶುಗರ್ ಬಾರದ ಹಾಗೆ ಓಡಿ ಸೊರಗಿದ್ದು ಅಂದರೆ ಯಾರೂ ನಂಬುವುದಿಲ್ಲ.

ಸೋಮವಾರ ಓಟ ಇಲ್ಲ. ಹೊಸಬರಿಗೆ ಇದು ಅರ್ಥವಾಗುವುದಿಲ್ಲ, ಹುಮ್ಮಸ್ಸಿನಲ್ಲಿ ಏಳು ದಿನವೂ ಓಡುತ್ತಾರೆ. ಓಡುವಾಗ ಸ್ನಾಯು ಗಟ್ಟಿಯಾಗುವುದಿಲ್ಲ, ಸಣ್ಣಸಣ್ಣದಾಗಿ ಹರಿಯುತ್ತದೆ. ಗಟ್ಟಿಯಾಗುವುದು ವಿಶ್ರಾಂತಿಯಲ್ಲಿ, ನಿದ್ದೆಯಲ್ಲಿ. ಆದರೆ ಬಂದರಿನ ದಿನಸಿ ಅಂಗಡಿಯವನಿಗೆ ವಿಶ್ರಾಂತಿ ಅಂದರೆ ಎಂತ? ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ನಿಂತೇ ಇರುವುದು, ನಡುವೆ ಗೋಣಿ ಇಳಿಸುವುದು. ಪೇಟೆಯಲ್ಲಿ ಕಂಪ್ಯೂಟರ್ ಎದುರು ಕೂರುವವರಿಗೆ ಬರೆದ ಓಟದ ಪಟ್ಟಿಯನ್ನು ಹಾಗೆಯೇ ತಂದು ನಮ್ಮಂಥವರ ಕಾಲಿಗೆ ಕಟ್ಟಲಿಕ್ಕಾಗುವುದಿಲ್ಲ. ಅದಕ್ಕೇ ನನ್ನ ಪಟ್ಟಿಯಲ್ಲಿ ವಾರಕ್ಕೆ ನಾಲ್ಕೇ ಓಟ.

ಮಂಗಳವಾರ ಏರು ಹತ್ತುವುದು. ಮುಂಬೈಯಲ್ಲಿ ಪೆಡ್ಡರ್ ರೋಡಿನ ಏರು ಬರುವುದು ಓಟದ ಕೊನೆಯ ಭಾಗದಲ್ಲಿ, ಕಾಲಲ್ಲಿ ಏನೂ ಉಳಿದಿಲ್ಲದಾಗ. ನಮಗೆ ಏರಿಗೆ ಬರಗಾಲ ಇಲ್ಲ. ತೊಕ್ಕೊಟ್ಟಿನಿಂದ ದೇರಳಕಟ್ಟೆಗೆ ಹೋಗುವ ರಸ್ತೆಯಲ್ಲಿ ಒಂದು ಏರು ಹಿಡಿದು ಎಂಟು ಸಲ ಹತ್ತಿ ಇಳಿದೆ. ಎಂಟನೆಯದು ಮೊದಲನೆಯದಕ್ಕಿಂತ ಬೇಗ ಆಯ್ತು. ಅಂಥ ಬೆಳಿಗ್ಗೆ ಎಷ್ಟು ಸಿಗುತ್ತದೆ ಹೇಳಿ? ಅಂಗಡಿಯಲ್ಲಿ ಇಡೀ ದಿನ ಹುಡುಗರಿಗೆ ಒಂದು ಮಾತೂ ಬೈಯಲಿಲ್ಲ ಅಂತ ಅವರೇ ಹೇಳಿದರು.

ಬುಧವಾರ 10 ಕಿಲೋಮೀಟರ್ ನಿಧಾನ ಓಟ. ಈ ನಿಧಾನದ ಬಗ್ಗೆ ಸ್ವಲ್ಪ ಹೇಳಲಿಕ್ಕುಂಟು. ವಾರದ ಹೆಚ್ಚಿನ ಓಟ ಮಾತಾಡುತ್ತಾ ಓಡುವಷ್ಟು ನಿಧಾನ ಇರಬೇಕು ಅಂತ ತರಬೇತುದಾರರು ಹೇಳುತ್ತಾರೆ. ಇದಕ್ಕೆ ಕೈಗೆ ಕಟ್ಟುವ ದುಬಾರಿ ವಾಚು ಬೇಡ. ಸುಬಹಿ ಮುಗಿಸಿ ಬರುವ ಹಿರಿಯರು ದಾರಿಯಲ್ಲಿ ಸಲಾಂ ಹೇಳುತ್ತಾರಲ್ಲ, ಅವರಿಗೆ “ವಅಲೈಕುಂ ಸಲಾಂ ವರಹ್ಮತುಲ್ಲಾಹಿ ವಬರಕಾತುಹು” ಅಂತ ಪೂರ್ತಿ, ಏದುಸಿರಿಲ್ಲದೆ ಹೇಳಲು ಆದರೆ ವೇಗ ಸರಿ ಉಂಟು. ಬರೀ “ವಅಲೈಕುಂ” ಅಂದು ಕೈ ಎತ್ತಿದಿರಾದರೆ ನೀವು ಜಾಸ್ತಿ ಜೋರು ಓಡುತ್ತಿದ್ದೀರಿ. ನಿಧಾನ ಓಟದಲ್ಲಿ ದೇಹ ಕೊಬ್ಬನ್ನು ಉರಿಸಲು ಕಲಿಯುತ್ತದೆ. ಮ್ಯಾರಥಾನಿಗೆ ಬೇಕಾದದ್ದು ಅದು. ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಕೂಡಿಟ್ಟ ಸಕ್ಕರೆ ಹೆಚ್ಚಿನವರಿಗೆ 30 ಕಿಲೋಮೀಟರಿನ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಆಮೇಲೆ ಕಾಲು ಸೀಸದ ಹಾಗೆ ಆಗುವುದು, ತಲೆ ಮಂಕಾಗುವುದು ಅದರಿಂದಲೇ. ಅದಕ್ಕೆ ಉದ್ದದ ಓಟದಲ್ಲಿ ಗಂಟೆಗೆ 30 ಗ್ರಾಂ ಆದರೂ ಸಕ್ಕರೆ ಅಂಶ ಹೊಟ್ಟೆಗೆ ಹೋಗಬೇಕು. ಪೇಟೆಯಲ್ಲಿ ಅದಕ್ಕೆ ಜೆಲ್ಲಿನ ಪೊಟ್ಟಣ ಸಿಗುತ್ತದೆ. ನನ್ನ ಕಿಸೆಯಲ್ಲಿ ಖರ್ಜೂರ, ಬೀಜ ತೆಗೆದದ್ದು. ಸಾಧಾರಣ ಗಾತ್ರದ ಐದಾರು ಸಾಕು.

ಶುಗರಿಗೆ ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಳ್ಳುವವರು ಮಾತ್ರ ಇದನ್ನು ಓದಿ ನಾಳೆಯೇ ಓಡಲು ಹೊರಡಬೇಡಿ. ಓಡುವಾಗ ಸಕ್ಕರೆ ಒಮ್ಮೆಲೇ ಕೆಳಗಿಳಿಯುವುದುಂಟು. ನಿಮ್ಮ ಡಾಕ್ಟ್ರನ್ನು ಕೇಳಿಯೇ ಶುರು ಮಾಡಿ.

ಇನ್ನು ಬೆವರು. ಡಿಸೆಂಬರಿನಲ್ಲೂ ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿನ ಪಸೆ. ಬೆವರು ಆರಿದರೆ ಮೈ ತಣಿಯುತ್ತದೆ, ಇಲ್ಲಿ ಅದು ಆರುವುದೇ ಇಲ್ಲ, ಸುಮ್ಮನೆ ಸುರಿಯುತ್ತದೆ. ಓಡುವ ಮೊದಲು ಮತ್ತು ನಂತರ ತಕ್ಕಡಿ ಹತ್ತಿ ನೋಡಿದರೆ ಗೊತ್ತಾಗುತ್ತದೆ, ಒಂದು ಕಿಲೋ ಇಳಿದರೆ ಹೆಚ್ಚು ಕಡಿಮೆ ಒಂದು ಲೀಟರ್ ಬೆವರು ಹೋಗಿದೆ. ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಲೆಕ್ಕ ಇಲ್ಲದೆ ಕುಡಿದರೆ ರಕ್ತದ ಉಪ್ಪು ತೆಳುವಾಗಿ ಜೀವಕ್ಕೇ ಅಪಾಯ ಆಗಬಹುದು. ಉಮ್ಮ ಮಾಡಿಡುವ ಉಪ್ಪು ಹಾಕಿದ ಗಂಜಿ ತಿಳಿ, ಒಂದು ಬೊಂಡ, ಇವಕ್ಕಿಂತ ಒಳ್ಳೆಯದನ್ನು ನಾನು ಇನ್ನೂ ಕುಡಿದಿಲ್ಲ.

ಗುರುವಾರ 14 ಕಿಲೋಮೀಟರ್. ಹನ್ನೊಂದನೆಯದರಲ್ಲಿ ಎಡಗಾಲಿನ ಮೊಣಕಾಲಿನಿಂದ ಕೆಳಗೆ, ಮುಂದಿನ ಎಲುಬಿನ ಒಳಬದಿಯಲ್ಲಿ ನೋವು ಕಾಣಿಸಿತು. ಮೊದಲು ಇರುವೆ ಕಚ್ಚಿದಷ್ಟು. ಉಳಿದ ಮೂರು ಕಿಲೋಮೀಟರ್ ನಡೆದು ಮನೆಗೆ ಬಂದೆ. ಈ ನೋವು ಓಡುವವರಿಗೆಲ್ಲ ಗೊತ್ತಿರುವಂಥದ್ದೇ. ಬೆರಳಿನಿಂದ ಒತ್ತಿ ನೋಡುವುದು ಒಂದು ಕ್ರಮ. ನೋವು ಉದ್ದಕ್ಕೆ ಹರಡಿಕೊಂಡಿದ್ದರೆ ಹೆಚ್ಚಾಗಿ ಎಲುಬಿನ ಮೇಲಿನ ಪೊರೆಯದ್ದು, ಸ್ನಾಯುವಿನ ಎಳೆತದ್ದು. ಒಂದೇ ಕಡೆ, ಬೆರಳ ತುದಿಯಷ್ಟು ಜಾಗದಲ್ಲಿ ಚುಚ್ಚಿದ ಹಾಗೆ ಆದರೆ ಎಲುಬಿನಲ್ಲೇ ಕೂದಲೆಳೆಯಷ್ಟು ಬಿರುಕು ಇರಬಹುದು, ಆಗ ಓಟ ಪೂರ್ತಿ ಬಂದ್. ನನ್ನದು ಹರಡಿಕೊಂಡಿತ್ತು. ಅಥವಾ ಹಾಗೆ ಅಂತ ನಾನು ಮತ್ತೆ ಮತ್ತೆ ಒತ್ತಿ ಸಮಾಧಾನ ಮಾಡಿಕೊಂಡೆ.

ಶುಕ್ರವಾರ ಜುಮಾದಲ್ಲಿ ಅತ್ತಹಿಯ್ಯಾತಿಗೆ ಕೂತಾಗ ಆ ಕಾಲು ಚುರ್ ಅಂದಿತು. ಪಕ್ಕದಲ್ಲಿದ್ದ ಹಾಜಿಯವರು ಸಲಾಂ ವೀಟಿದ ಮೇಲೆ, “ಕುರ್ಚಿ ಬೇಕಾ?” ಅಂತ ಕೇಳಿದರು. ಅವರಿಗೆ 74. ಅವರೇ ಕುರ್ಚಿ ಇಲ್ಲದೆ ನಮಾಝ್ ಮಾಡುವವರು.

ಇಂಥ ಹೊತ್ತಿಗೆ ನನಗೆ ನೆನಪಾಗುವುದು ಸಿಫಾನ್ ಹಸನ್. ಇಥಿಯೋಪಿಯಾದಲ್ಲಿ ಹುಟ್ಟಿ, 15ರ ವಯಸ್ಸಿನಲ್ಲಿ ನಿರಾಶ್ರಿತೆಯಾಗಿ ನೆದರ್ಲೆಂಡ್ಸಿಗೆ ಹೋದ ಹುಡುಗಿ. ಆಕೆಯ ಮೊದಲ ಮ್ಯಾರಥಾನ್ 2023ರ ಏಪ್ರಿಲ್ 23ರಂದು ಲಂಡನ್ನಿನಲ್ಲಿ. ರಮಝಾನ್ ಮುಗಿದು ಈದ್ ಆಗಿ ಎರಡೇ ದಿನ. ದಾರಿಯ ನಡುವೆ ಸೊಂಟ ಹಿಡಿದುಕೊಂಡಿತು. ಮುಂದಿದ್ದವರನ್ನು ಹೋಗಲು ಬಿಟ್ಟು, ರಸ್ತೆಯಲ್ಲಿ ನಿಂತು ಕಾಲು ಸೊಂಟ ಎಳೆದುಕೊಂಡಳು. ಮತ್ತೆ ಓಡಿ, ಅವರನ್ನೆಲ್ಲ ಹಿಡಿದು, 2 ಗಂಟೆ 18 ನಿಮಿಷ 33 ಸೆಕೆಂಡಿಗೆ ಗೆದ್ದಳು. ಮರುವರ್ಷ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 5,000 ಮತ್ತು 10,000 ಮೀಟರ್ ಎರಡರಲ್ಲೂ ಕಂಚು, ಕೊನೆಯ ದಿನ ಮ್ಯಾರಥಾನಿನಲ್ಲಿ ಚಿನ್ನ. ಪದಕ ಕೊರಳಿಗೆ ಹಾಕಿಸಿಕೊಳ್ಳುವಾಗ ತಲೆಯಲ್ಲಿ ಹಿಜಾಬ್. ನನ್ನ ಮಗಳು ಆ ಫೋಟೊವನ್ನು ಓದುವ ಮೇಜಿನ ಮೇಲೆ ಅಂಟಿಸಿದ್ದಾಳೆ. ಗೆದ್ದದ್ದು ದೊಡ್ಡದೇ, ಆದರೆ ನನಗೆ ಆಕೆ ನಿಂತದ್ದೇ ಹೆಚ್ಚು ಇಷ್ಟ. ಸಾವಿರಾರು ಜನ ನೋಡುತ್ತಿರುವಾಗ ನಡುರಸ್ತೆಯಲ್ಲಿ ನಿಲ್ಲುವುದಕ್ಕೆ ಓಡುವುದಕ್ಕಿಂತ ಜಾಸ್ತಿ ಗಟ್ಟಿತನ ಬೇಕು.

ಶನಿವಾರ ರಾತ್ರಿ ಅಕ್ಕನ ಮನೆಯಲ್ಲಿ ಮೆಹಂದಿ. ತುಪ್ಪದ ಅನ್ನದ ಪರಿಮಳ ಗೇಟಿನವರೆಗೆ. ಒಂಬತ್ತಕ್ಕೆ ಊಟ ಮಾಡಿ ಎದ್ದೆ. ಅಕ್ಕನಿಗೆ ಸಿಟ್ಟು ಬಂತು. “ಸೊಸೆಯ ಮದುವೆಗಿಂತ ನಿನ್ನ ಓಟ ದೊಡ್ಡದಾ?” ಉತ್ತರ ಕೊಡುವ ಮಾತಲ್ಲ ಅದು. ಹಿಂದಿನ ಮೂರು ದಿನ ಪೆಂಡಾಲು, ಪಾತ್ರೆ, ಅಕ್ಕಿ, ಮಾಂಸ ಎಲ್ಲದಕ್ಕೂ ಓಡಿದ್ದು ನಾನೇ, ಅದನ್ನು ಆ ಹೊತ್ತಿನಲ್ಲಿ ಹೇಳಲಿಕ್ಕಾಗುತ್ತದಾ? ಮ್ಯಾರಥಾನ್ ಪುಸ್ತಕಗಳಲ್ಲಿ ಮೊಣಕಾಲಿನ ಬಗ್ಗೆ ಅಧ್ಯಾಯ ಇರುತ್ತದೆ, ಶೂ ಬಗ್ಗೆ ಇರುತ್ತದೆ, ಅಕ್ಕನ ಬಗ್ಗೆ ಇರುವುದಿಲ್ಲ.

ಭಾನುವಾರ ನಾಲ್ಕು ಗಂಟೆಗೆ ತೊಕ್ಕೊಟ್ಟಿನಿಂದ ಹೊರಟೆ. ಮೈಮೇಲೆ ಹೊಳೆಯುವ ಪಟ್ಟಿಯ ಜಾಕೆಟ್. ಹೆದ್ದಾರಿಯಲ್ಲಿ ಕತ್ತಲಲ್ಲಿ ಓಡುವವರು ಎದುರಿನಿಂದ ಬರುವ ವಾಹನ ಕಾಣುವ ಬದಿಯಲ್ಲೇ ಓಡಬೇಕು, ಸರ್ವಿಸ್ ರಸ್ತೆ ಇದ್ದಲ್ಲಿ ಅದನ್ನೇ ಹಿಡಿಯಬೇಕು. ತಲಪಾಡಿ ಗಡಿ ಮುಟ್ಟಿ ತಿರುಗಿ ಬರುವಾಗ 15 ಕಿಲೋಮೀಟರ್, ಗಂಟೆ ಐದೂ ಮುಕ್ಕಾಲು. ನೋವಿಲ್ಲ. ವುಝೂ ಮಾಡುವಾಗ ಕಾಲಿಗೆ ಬಿದ್ದ ತಣ್ಣೀರು ಯಾವ ಔಷಧಕ್ಕೂ ಕಡಿಮೆ ಇರಲಿಲ್ಲ. ಸುಬಹಿ ಜಮಾಅತ್ ಮುಗಿಸಿ ಮತ್ತೆ ಶೂ ಕಟ್ಟಿದೆ. ನಿಂತು ಹೊರಟಾಗ ಕಾಲು ಮರದ ಕೊರಡಿನ ಹಾಗೆ, ಒಂದು ಕಿಲೋಮೀಟರಿನಲ್ಲಿ ಸರಿಯಾಯ್ತು. ನೇತ್ರಾವತಿ ಸೇತುವೆ ದಾಟಿ ಪಂಪ್‌ವೆಲ್‌ವರೆಗೆ ಹೋದೆ, ಅಲ್ಲಿಂದ ತಿರುಗಿದೆ. ಅಷ್ಟೂ ದೂರ ಮಂಗಳವಾರದ ಹುರುಪೇ.

ಸೇತುವೆಗೆ ವಾಪಸ್ ಬರುವಾಗ 24 ಕಿಲೋಮೀಟರ್. ಅಲ್ಲಿ ನೋವು ಮತ್ತೆ ಬಂತು, ಈ ಸಲ ಇರುವೆಯಲ್ಲ. ಹೊತ್ತು ಮೂಡಿತ್ತು, ಪಕ್ಕದ ರೈಲ್ವೆ ಸೇತುವೆಯಲ್ಲಿ ಒಂದು ರೈಲು ಹೋಯ್ತು. ಇನ್ನು ಎಂಟೇ ಕಿಲೋಮೀಟರ್, ಗಂಟೆ ಏಳೇ ಆದದ್ದು, ಮದುವೆಗೆ ಬೇಕಾದಷ್ಟು ಸಮಯ ಉಂಟು. ಅಂಥ ಹೊತ್ತಿನಲ್ಲಿ ಮನಸ್ಸು ಏನೇನೆಲ್ಲ ಲೆಕ್ಕ ಹೇಳುತ್ತದೆ! ಆದರೆ ಮೂರು ವಾರ ಇರುವಾಗ ಎಂಟು ಕಿಲೋಮೀಟರ್ ಬಿಟ್ಟರೆ ಹದಿನೈದು ವಾರದ ತಯಾರಿ ಕರಗಿ ಹೋಗುವುದಿಲ್ಲ. ಆ ಎಂಟನ್ನು ಕುಂಟಿಕೊಂಡು ಓಡಿ ಎಲುಬು ಬಿರುಕು ಬಿಟ್ಟರೆ ಆರೆಂಟು ವಾರ ಮನೆಯಲ್ಲೇ. ಮನೆಗೆ ಫೋನ್ ಮಾಡಿದೆ.

ಅವಳು ಆಗಷ್ಟೇ ನಡಿಗೆ ಮುಗಿಸಿ ಬಂದಿದ್ದಳಂತೆ. ನಮ್ಮ ಕಡೆ ಐದಾರು ಹೆಂಗಸರು ಸೇರಿ ಸುಬಹಿ ಆದ ಮೇಲೆ ದಿನಾ ನಾಲ್ಕು ಕಿಲೋಮೀಟರ್ ನಡೆಯುತ್ತಾರೆ. ಶುರುವಿನಲ್ಲಿ ಮಾತಾಡಿದವರಿದ್ದರು, ಈಗ ಅವರ ಮನೆಯವರೂ ಸೇರಿಕೊಂಡಿದ್ದಾರೆ. ಹತ್ತು ನಿಮಿಷದಲ್ಲಿ ಸ್ಕೂಟರ್ ಬಂತು. ನನ್ನ ಮುಖ ನೋಡಿ ಸಮಾಧಾನದ ಮಾತು ಯಾವುದೂ ಹೇಳಲಿಲ್ಲ. “ಎರಡು ಕಾಲೂ ಉಂಟಲ್ಲ? ಹಾಗಾದ್ರೆ ಕೂರಿ,” ಅಂದಳು. ಉಪ್ಪನ ಕಾಲಿಗೆ ಮೂರು ವರ್ಷ ಡ್ರೆಸ್ಸಿಂಗ್ ಮಾಡಿದವಳು ಅವಳೇ.

ಮದುವೆ ಹಾಲಿನಲ್ಲಿ ಕುಂಟುತ್ತಾ ಬಡಿಸಿದೆ. “ನೋಡಿ, ಓಡಿ ಓಡಿ ಕಾಲು ಹೋಯ್ತು” ಅಂತ ಒಬ್ಬರು, “ಶುಗರೇ ಇರಬೇಕು” ಅಂತ ಇನ್ನೊಬ್ಬರು. ಅಕ್ಕ ಮಾತ್ರ ನನ್ನ ಕೈಯಿಂದ ತಟ್ಟೆ ಕಿತ್ತುಕೊಂಡು ಒಂದು ಮೂಲೆಯಲ್ಲಿ ಕುರ್ಚಿ ಹಾಕಿಸಿ ಕೂರಿಸಿದಳು.

ಮಂಗಳವಾರ ಡಾಕ್ಟ್ರು ಒತ್ತಿ, ಒಂದೇ ಕಾಲಲ್ಲಿ ಜಿಗಿಸಿ ನೋಡಿದರು. ಬಿರುಕಿನ ಲಕ್ಷಣ ಕಾಣುವುದಿಲ್ಲ, ಒಂದು ವಾರ ಓಟ ಬೇಡ, ಸೈಕಲ್ ತುಳಿಯಬಹುದು ಅಂದರು. ಅದಾದ ಮೇಲೆ ನಾಲ್ಕು ಕಿಲೋಮೀಟರ್, ನೋವಿಲ್ಲದಿದ್ದರೆ ಆರು, ನೋವು ಬಂದರೆ ಫೋನ್ ಮಾಡಿ, ಮುಂಬೈ ಆಗ ನೋಡುವ. ಮತ್ಸ್ಯಗಂಧದಲ್ಲಿ ಟಿಕೇಟು ಕನ್ಫರ್ಮ್ ಆಗಿದೆ. ಒಂದಲ್ಲ, ಎರಡು. ಪೆಡ್ಡರ್ ರೋಡಿನ ಏರಿನಲ್ಲಿ ನಿಂತು ನೋಡಲಿಕ್ಕೆ ಅವಳೂ ಬರುತ್ತಾಳಂತೆ.