ಕೀಲಿಕೈ ಯಾರ ಕೈಲಿದೆ?

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಏಳಲು ಅಲಾರಂ ಬೇಕಿಲ್ಲ, ಮಗ್ಗಗಳ ಸದ್ದೇ ಸಾಕು. ನಮ್ಮ ಮನೆಯಲ್ಲೂ ನಾಲ್ಕು ವಿದ್ಯುತ್ ಮಗ್ಗಗಳಿವೆ. ಅಪ್ಪ ನೇಯುತ್ತಾರೆ. ಅಮ್ಮ ಸೀರೆಗಳ ಫೋಟೊ ತೆಗೆದು ಒಂದು ಜಾಲತಾಣದಲ್ಲಿ ಹಾಕುತ್ತಾರೆ. ಮೂರು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಅವರ ಪುಟ ಸೇರಿದ್ದರು.

ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ವಾರ ಇರುವಾಗ ಆ ಖಾತೆ ಬಂದ್ ಆಯಿತು. ‘ನಿಯಮ ಉಲ್ಲಂಘನೆ’ ಎಂಬ ಒಂದೇ ಸಾಲು. ಯಾವ ನಿಯಮ? ಯಾರನ್ನು ಕೇಳುವುದು? ‘ನೀನು ಕಂಪ್ಯೂಟರ್ ಓದ್ತಿದ್ದೀಯಲ್ಲ, ಸರಿ ಮಾಡು’ ಎಂದು ಅಮ್ಮ ಫೋನ್ ಕೊಟ್ಟರು. ಅರ್ಜಿ ಮೇಲೆ ಅರ್ಜಿ ಹಾಕಿದೆ. ಹಬ್ಬ ಮುಗಿದ ಮೇಲೆ ಖಾತೆ ತಾನಾಗಿಯೇ ತೆರೆದುಕೊಂಡಿತು. ಸೀರೆಗಳು ಬೀರುವಿನಲ್ಲೇ ಉಳಿದವು.

‘ನಮ್ಮ ದೇಶದ್ದೇ ಆ್ಯಪ್ ಇದ್ದಿದ್ದರೆ ಹೀಗಾಗ್ತಿರಲಿಲ್ಲ’ ಎಂದರು ಅಪ್ಪ. ನನಗೆ ‘ಕೂ’ ನೆನಪಾಯಿತು. 2020ರಲ್ಲಿ ಬೆಂಗಳೂರಿನಲ್ಲಿ, ಅದೂ ಮೊದಲು ಕನ್ನಡದಲ್ಲೇ ಶುರುವಾದ ಜಾಲತಾಣವದು. 2024ರ ಜುಲೈನಲ್ಲಿ ಮುಚ್ಚಿತು. ಸ್ವದೇಶಿಯಾದರೂ ಕೀಲಿಕೈ ಇದ್ದದ್ದು ಒಂದೇ ಕಂಪನಿಯ ಕೈಯಲ್ಲಿ. ಅದು ಬಾಗಿಲು ಹಾಕಿದಾಗ ಬಳಕೆದಾರರು ಕಟ್ಟಿಕೊಂಡಿದ್ದ ಬಳಗವೂ ಚದುರಿತು. ಅಂದರೆ ಮಾಲೀಕರು ಬದಲಾದರೆ ಸಾಲದು, ಮನೆ ಕಟ್ಟುವ ರೀತಿಯೇ ಬದಲಾಗಬೇಕು.

ಆ ರೀತಿ ನಮಗೆ ಹೊಸದೇನಲ್ಲ. ಬಿಎಸ್‌ಎನ್‌ಎಲ್ ಸಿಮ್‌ನಿಂದ ಏರ್‌ಟೆಲ್ ಸಿಮ್‌ಗೆ ಕರೆ ಮಾಡುತ್ತೇವೆ. ಇಮೇಲ್ ಕೂಡ ಹಾಗೆಯೇ. ಬೇರೆ ಬೇರೆ ಕಂಪನಿಗಳ ವಿಳಾಸಗಳು ಪರಸ್ಪರ ಮಾತಾಡುತ್ತವೆ. ಎಲ್ಲರೂ ಒಪ್ಪಿದ ಮುಕ್ತ ನಿಯಮಾವಳಿ, ಅಂದರೆ ಪ್ರೋಟೋಕಾಲ್, ಇದಕ್ಕೆ ಕಾರಣ. 2016ರಲ್ಲಿ ಬಂದ ಮ್ಯಾಸ್ಟೊಡಾನ್ ಸಾಮಾಜಿಕ ಜಾಲವನ್ನೂ ಹೀಗೆ ಕಟ್ಟಲಾಗಿದೆ. ಒಂದು ಸರ್ವರ್ ಹಿಡಿಸದಿದ್ದರೆ ಹಿಂಬಾಲಕರ ಸಮೇತ ಇನ್ನೊಂದಕ್ಕೆ ಹೋಗಬಹುದು.

ವ್ಯಾಪಾರದಲ್ಲಿ ಇಂಥ ಪ್ರಯತ್ನವೇ ಕೇಂದ್ರ ಸರ್ಕಾರದ ಬೆಂಬಲದ ಒಎನ್‌ಡಿಸಿ. 2022ರ ಸೆಪ್ಟೆಂಬರ್‌ನಲ್ಲಿ ಅದರ ಸಾರ್ವಜನಿಕ ಪ್ರಯೋಗ ಶುರುವಾದದ್ದು ಬೆಂಗಳೂರಿನಲ್ಲೇ. ಮಾರುವವರು ಒಂದು ಆ್ಯಪ್‌ನಲ್ಲಿದ್ದರೂ ಕೊಳ್ಳುವವರು ಇನ್ನೊಂದರಿಂದ ಅವರನ್ನು ಹುಡುಕಬಹುದು. ಆಟೊ ಚಾಲಕರ ಸಂಘದ ಜೊತೆಗೂಡಿ ಅದೇ ವರ್ಷ ಬಂದ ‘ನಮ್ಮ ಯಾತ್ರಿ’ಯ ಹಿಂದೆಯೂ ಬೆಕ್ನ್ ಎಂಬ ಮುಕ್ತ ಪ್ರೋಟೋಕಾಲ್ ಇದೆ. ಅಲ್ಲಿ ಪ್ರಯಾಣಿಕರ ಹಣ ನೇರವಾಗಿ ಚಾಲಕರಿಗೆ ಸೇರುತ್ತದೆ.

ಇವೂ ಪೂರ್ತಿ ವಿಕೇಂದ್ರೀಕೃತವಲ್ಲ. ಒಎನ್‌ಡಿಸಿಗೆ ಯಾರು ಸೇರಬೇಕೆಂಬ ನೋಂದಣಿ ಪಟ್ಟಿ ಒಂದೇ ಕಡೆ ಇದೆ. ಸರ್ವರ್ ನಡೆಸಲು ಯಾರಾದರೂ ಹಣ ಹಾಕಲೇಬೇಕು. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಗಿರಾಕಿಗಳು. ಅವರು ಇನ್ನೂ ಹಳೆಯ ಜಾಲತಾಣದಲ್ಲೇ ಇದ್ದಾರೆ. ಹಾಗಾಗಿ ಅಮ್ಮನೂ ಅಲ್ಲೇ ಇದ್ದಾರೆ.

ಆದರೂ ಹೊಸ ಆ್ಯಪ್ ಹಾಕಿಕೊಳ್ಳುವ ಮುನ್ನ ನಾನೀಗ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ನಾಳೆ ಇಲ್ಲಿಂದ ಹೊರಟರೆ ನನ್ನದನ್ನು ನಾನು ಜೊತೆಗೆ ಒಯ್ಯಬಹುದೇ? ಕೋಡ್ ಬರೆಯಲು ಕಲಿಯುತ್ತಿರುವ ನಾವೆಲ್ಲ ಈ ಪ್ರಶ್ನೆಗೆ ‘ಹೌದು’ ಎನ್ನುವ ಆ್ಯಪ್‌ಗಳನ್ನು ಕಟ್ಟಬೇಕು.

ಈ ಸಲ ಹಬ್ಬಕ್ಕೆ ಮೊದಲೇ ಅಮ್ಮ ಒಂದು ಉದ್ದ ಪುಸ್ತಕ ತಂದು, ಗಿರಾಕಿಗಳ ಹೆಸರು, ಫೋನ್ ನಂಬರು ಬರೆದಿಡುತ್ತಿದ್ದಾರೆ. ‘ಇದನ್ನ ಯಾರೂ ಬಂದ್ ಮಾಡಕ್ಕಾಗಲ್ಲ ತಾನೆ?’ ಎಂದು ಕೇಳಿದರು. ಆಗಲ್ಲ ಎಂದೆ.