ಜಡ್ಡಿಯ ಗೇರು ಮರವನ್ನು ಉಳಿಸಿಕೊಳ್ಳಿ

ಹೊನ್ನಾವರದಿಂದ ಜೋಗದ ಕಡೆಗೆ ಘಟ್ಟ ಹತ್ತುವ ದಾರಿಯಲ್ಲಿ, ಸಿದ್ದಾಪುರ ತಾಲ್ಲೂಕಿಗೆ ಸೇರಿದ ಕತ್ತಲೆಕಾನು ಎಂಬ ನಿತ್ಯಹರಿದ್ವರ್ಣದ ಕಾಡಿದೆ. ಹೆಸರಿಗೆ ತಕ್ಕಂತೆ ನಡು ಮಧ್ಯಾಹ್ನದಲ್ಲಿಯೂ ಅಲ್ಲಿ ನೆಲಕ್ಕೆ ಬಿಸಿಲು ಬೀಳುವುದು ಕಡಿಮೆ. ಈ ಕಾನಿನ ಜೌಗಿನಲ್ಲಿ ಬೆಳೆದಿದ್ದ ಗೇರು ಕುಲದ ಒಂದು ಮರವನ್ನು ದಾಸಪ್ಪ ಮತ್ತು ಸ್ವಾಮಿನಾಥ್ ಅವರು ೨೦೦೦ನೇ ಇಸವಿಯಲ್ಲಿ ಹೊಸ ಪ್ರಭೇದವೆಂದು ವರ್ಣಿಸಿ, ಕಾನಿನ ಹೆಸರನ್ನೇ ಇಟ್ಟು ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಕರೆದರು. ಬಟ್ಟೆಗೆ ಗುರುತು ಹಾಕಲು ಮಡಿವಾಳರು ಬಳಸುತ್ತಿದ್ದ ಕರಿಗೇರು ಇದರ ಹತ್ತಿರದ ಸಂಬಂಧಿ. ಮಾವು, ಗೋಡಂಬಿ ಇದೇ ಕುಟುಂಬದವು. ವಿಜ್ಞಾನಕ್ಕೆ ಪರಿಚಯವಾಗುವ ಹೊತ್ತಿಗಾಗಲೇ ಈ ಮರ ಅಳಿವಿನ ಅಂಚಿಗೆ ಬಂದು ನಿಂತಿತ್ತು.

ಇದು ಅರಣ್ಯ ಇಲಾಖೆಯ ಕೆಲಸವಲ್ಲವೇ, ರೈತರ ಪತ್ರಿಕೆಯಲ್ಲಿ ಇದಕ್ಕೇನು ಸ್ಥಳ ಎಂದು ನೀವು ಕೇಳಬಹುದು. ಕಾರಣವಿದೆ. ಈ ಮರಕ್ಕೆ ಬೇಕಾದ ನೆಲವೂ ನಮ್ಮ ಅಡಿಕೆ ತೋಟಕ್ಕೆ, ಭತ್ತದ ಗದ್ದೆಗೆ ಬೇಕಾದ ನೆಲವೂ ಒಂದೇ. ಎರಡು ಗುಡ್ಡಗಳ ನಡುವಿನ ತಗ್ಗು, ವರ್ಷವಿಡೀ ಆರದ ತೇವ, ಮೇಲಿನಿಂದ ಕೊಚ್ಚಿ ಬಂದ ಫಲವತ್ತಾದ ಮಣ್ಣು. ಮಲೆನಾಡಿನಲ್ಲಿ ಇಂತಹ ಕಣಿವೆಗಳನ್ನು ನಮ್ಮ ಹಿರಿಯರು ಬಹು ಹಿಂದೆಯೇ ಸಾಗುವಳಿಗೆ ತಂದರು. ಸಾಗುವಳಿಗೆ ಸಿಗದೆ ಉಳಿದ ಚೂರುಗಳಲ್ಲಿ ಮಾತ್ರ ಈಗ ಈ ಗೇರು ಉಳಿದಿದೆ.

ಜಡ್ಡಿ ಎಂದರೇನು?

ಘಟ್ಟದ ಜನ ಈ ಜೌಗುಕಾಡನ್ನು ರಾಮಪತ್ರೆ ಜಡ್ಡಿ ಎನ್ನುತ್ತಾರೆ. ಜಾಯಿಕಾಯಿಯ ಕುಟುಂಬಕ್ಕೆ ಸೇರಿದ ಮರಗಳೇ ಇಲ್ಲಿ ಹೆಚ್ಚು. ಕೇರಳದ ತಿರುವಾಂಕೂರು ಭಾಗದ ಇಂತಹ ಕಾಡುಗಳನ್ನು ೧೯೬೦ರಲ್ಲಿ ಕೃಷ್ಣಮೂರ್ತಿಯವರು ವರ್ಣಿಸಿದ್ದರು. ಉತ್ತರ ಕನ್ನಡದ ಜಡ್ಡಿಗಳು ವಿಜ್ಞಾನಿಗಳ ಗಮನಕ್ಕೆ ಬಂದದ್ದು ಬಹಳ ತಡವಾಗಿ.

ಜಡ್ಡಿಯ ಮಣ್ಣಿನಲ್ಲಿ ಸದಾ ನೀರು ನಿಂತಿರುವುದರಿಂದ ಗಾಳಿಯಾಡುವುದಿಲ್ಲ. ಇಂತಹ ನೆಲದಲ್ಲಿ ಅಡಿಕೆಯ ಬೇರು ಕೊಳೆಯುತ್ತದೆಂಬುದು ನಿಮಗೆ ಗೊತ್ತು. ಜಡ್ಡಿಯ ಮರಗಳು ಇದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿವೆ. ಕೆಲವು ಕಾಂಡದಿಂದಲೇ ಊರುಗೋಲಿನಂತಹ ಬೇರು ಇಳಿಸುತ್ತವೆ. ಇನ್ನು ಕೆಲವು ಕೆಸರಿನಿಂದ ಮೊಣಕಾಲು ಮಡಿಚಿದಂತೆ ಬೇರನ್ನು ಮೇಲಕ್ಕೆತ್ತಿ ಗಾಳಿ ಪಡೆಯುತ್ತವೆ. ಆದ್ದರಿಂದ ಜಡ್ಡಿಯೊಳಗೆ ನಡೆಯುವುದು ಸುಲಭವಲ್ಲ. ಹೋದವರು ಎಡವದೆ ಬಂದದ್ದು ಕಡಿಮೆ.

ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಸ್ವಲ್ಪಸ್ವಲ್ಪವಾಗಿ ಬಿಡುವ ಗುಣ ಇಂತಹ ನೆಲಕ್ಕಿದೆ. ಜಡ್ಡಿಯ ಕೆಳಗೆ ತೋಟ ಮಾಡಿದವರು ಚೈತ್ರ, ವೈಶಾಖದಲ್ಲಿ ಹಳ್ಳದ ನೀರು ಎಲ್ಲಿಂದ ಬರುತ್ತದೆಂದು ಮೇಲಕ್ಕೆ ನಡೆದು ನೋಡಬೇಕು. ಬೇಸಾಯ ಶಾಸ್ತ್ರದವನಾದ ನಾನು ಜೌಗು ನೆಲ ಕಂಡಲ್ಲಿ ಬಸಿಗಾಲುವೆ ತೋಡಿ ಎಂದು ಹೇಳುವವನೇ. ತೋಟದೊಳಗೆ ಆ ಮಾತು ಸರಿ. ಜಡ್ಡಿಗೆ ಮಾತ್ರ ಕಾಲುವೆ ತೋಡಬೇಡಿ. ಆಳವಾದ ಒಂದು ಕಾಲುವೆ ಸಾಕು, ನೀರಿನ ಮಟ್ಟ ಕೆಳಗಿಳಿಯುತ್ತದೆ. ದೊಡ್ಡ ಮರಗಳು ಕೆಲವು ವರ್ಷ ನಿಂತಾವು, ಆದರೆ ಹೊಸ ಸಸಿ ಏಳುವುದಿಲ್ಲ. ಹಸಿರು ಕಾಣುತ್ತಿದೆಯಲ್ಲ ಎಂದು ನಾವು ಸುಮ್ಮನಿರುತ್ತೇವೆ. ಅಷ್ಟರಲ್ಲಿ ವಂಶ ನಿಂತುಹೋಗಿರುತ್ತದೆ.

ಮರ ಏಕೆ ಹೆಚ್ಚುವುದಿಲ್ಲ?

ಗೇರು ಕುಲದ ಮರಗಳಲ್ಲಿ ಸಾಮಾನ್ಯವಾಗಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಜಾಯಿಕಾಯಿ ಬೆಳೆದವರಿಗೆ ಇದರ ತೊಂದರೆಯನ್ನು ಹೇಳಿಕೊಡಬೇಕಿಲ್ಲ. ಒಂದು ಜಡ್ಡಿಯಲ್ಲಿ ನಾಲ್ಕಾರು ಮರಗಳೇ ಉಳಿದಾಗ ಹೆಣ್ಣಿನ ಹತ್ತಿರ ಗಂಡು ಇಲ್ಲದಿದ್ದರೆ ಹೂ ಬಿಟ್ಟೂ ಪ್ರಯೋಜನವಿಲ್ಲ. ಎರಡನೆಯದಾಗಿ, ಮಳೆಕಾಡಿನ ಹಲವು ಮರಗಳಂತೆ ಇದರ ಬೀಜವೂ ಒಣಗಿದರೆ ಸಾಯುತ್ತದೆ. ಭತ್ತದ ಬೀಜದಂತೆ ಬಿಸಿಲಿಗೆ ಹಾಕಿ ಪಣತದಲ್ಲಿ ಇಡಲಾಗದು. ಬಿದ್ದ ಬೀಜಕ್ಕೆ ಪ್ರಾಣಿಗಳ ಕಾಟವೂ ಇದೆ. ಕೇರಳದ ಜಡ್ಡಿಗಳಲ್ಲಿ ಕಾಡು ಜಾಯಿಕಾಯಿಯ ಬೀಜಗಳನ್ನು ಏಡಿಗಳು ಎಳೆದೊಯ್ಯುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಕಾಡು ದೊಡ್ಡದಿದ್ದಾಗ ಇದೊಂದು ನಷ್ಟವೇ ಅಲ್ಲ. ಚೂರಾದಾಗ ಪ್ರತಿ ಬೀಜವೂ ಲೆಕ್ಕಕ್ಕೆ ಬರುತ್ತದೆ.

ಧಾರವಾಡದ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಈ ಗೇರಿನ ಸಸಿಗಳನ್ನು ಬೀಜದಿಂದ ಎಬ್ಬಿಸಿ ಜಡ್ಡಿಗಳಲ್ಲಿ ಮತ್ತೆ ನೆಡಿಸಿದ್ದಾರೆ. ಕತ್ತಲೆಕಾನಿನ ಪ್ರದೇಶವು ೨೦೧೧ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶಕ್ಕೆ ಸೇರಿತು. ೨೦೧೯ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯದೊಡನೆ ಕೂಡಿಸಲಾಯಿತು. ಇಷ್ಟರಿಂದ ಅರ್ಧ ಕೆಲಸ ಆದಂತೆ. ಸೊಪ್ಪಿನ ಬೆಟ್ಟದ ಅಂಚಿನಲ್ಲಿ, ತೋಟದ ತಲೆಕಟ್ಟಿನಲ್ಲಿ ಇರುವ ಸಣ್ಣ ಜಡ್ಡಿಗಳು ನಿಮ್ಮ ಕೈಯಲ್ಲೇ ಇವೆ.

ಇದರಿಂದ ಲಾಭವೇನು?

ನೇರವಾಗಿ ಹೇಳುವುದಾದರೆ, ಈ ಮರದ ಕಾಯಿಗೆ ಪೇಟೆಯಿಲ್ಲ. ಇದೆ ಎಂದು ನಂಬಿಸಿ ನಿಮ್ಮಿಂದ ನೆಡಿಸುವುದು ನನಗೆ ಒಪ್ಪಿಗೆಯಿಲ್ಲ. ಲಾಭವಿರುವುದು ಜಡ್ಡಿಯ ನೀರಿನಲ್ಲಿ. ಜೊತೆಗೆ, ಇಲ್ಲಿನ ಕಾಡು ಜಾಯಿಕಾಯಿ ಜಾತಿಗಳ ಸಸಿಗಳನ್ನು ಜಾಯಿಕಾಯಿ ಕಸಿಗೆ ಬೇರುಸಸಿಯಾಗಿ ಬಳಸಬಹುದು. ನೀರು ನಿಲ್ಲುವ ಮೂಲೆಯಲ್ಲಿ ಜಾಯಿಕಾಯಿ ಬೆಳೆಯಬಯಸುವವರು ಇದನ್ನು ಗಮನಿಸಬೇಕು.

ಸಸಿ ಮಾಡುವ ಕ್ರಮ

ಅಭಯಾರಣ್ಯದಿಂದ ಅಥವಾ ಮೀಸಲು ಅರಣ್ಯದಿಂದ ಇಲಾಖೆಯ ಅನುಮತಿಯಿಲ್ಲದೆ ಬೀಜ ತರಬಾರದು. ನಿಮ್ಮ ಜಾಗದಲ್ಲೇ ಮರವಿದ್ದರೆ ಪೂರ್ತಿ ಬಲಿತು ತಾನಾಗಿ ಬಿದ್ದ ಹಣ್ಣನ್ನು ಮಾತ್ರ ಆರಿಸಿ. ಅದರಲ್ಲೂ ಎಲ್ಲವನ್ನೂ ಆರಿಸಬೇಡಿ, ಒಂದು ಪಾಲು ಅಲ್ಲೇ ಇರಲಿ. ಗೇರಿನ ಜಾತಿಯ ಸೊನೆ ತಾಗಿದರೆ ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕೆಲಸ ಮಾಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ತಿರುಳು ತೆಗೆದು ತೊಳೆದ ಬೀಜವನ್ನು ಒದ್ದೆ ಗೋಣಿಯಲ್ಲಿ ತಂದು, ತಡಮಾಡದೆ ಮಣ್ಣು, ಮರಳು, ಕಳಿತ ಗೊಬ್ಬರ ತುಂಬಿದ ಪಾಲಿಥೀನ್ ಚೀಲದಲ್ಲಿ ಹೆಚ್ಚು ಆಳವಿಲ್ಲದಂತೆ ಊರಿ. ನೆರಳಿನಲ್ಲಿಟ್ಟು, ಮಣ್ಣು ಎಂದೂ ಒಣಗದಂತೆ ನೋಡಿಕೊಳ್ಳಿ.

ಮುಂದಿನ ಮಳೆಗಾಲ ಹಿಡಿದಾಗ ಜಡ್ಡಿಯ ಅಂಚಿನ ನೆರಳಿನಲ್ಲಿ ಸಸಿ ನೆಡಬೇಕು. ಗಂಡು ಯಾವುದು, ಹೆಣ್ಣು ಯಾವುದು ಎಂದು ಸಸಿಯಲ್ಲಿ ತಿಳಿಯದು. ಆದ್ದರಿಂದ ಒಂಟಿಯಾಗಿ ನೆಡದೆ ಹತ್ತಾರು ಸಸಿಗಳನ್ನು ಒಂದೆಡೆ ಗುಂಪಾಗಿ ನೆಡಿ. ದನ ನುಗ್ಗದಂತೆ ಮುಳ್ಳಿನ ಬೇಲಿ ಕಟ್ಟಿ. ಸೊಪ್ಪು ಕೊಯ್ಯಲು ಬರುವ ಆಳುಗಳಿಗೆ ಗುರುತು ಸಿಗುವಂತೆ ಪ್ರತಿ ಸಸಿಯ ಪಕ್ಕ ಗೂಟ ನೆಟ್ಟು ತುದಿಗೆ ಸುಣ್ಣ ಬಳಿಯಿರಿ. ಬೀಜ ಅಥವಾ ಸಸಿಯ ಬಗ್ಗೆ ಹೆಚ್ಚಿನ ಮಾಹಿತಿ ಬೇಕಾದವರು ಶಿರಸಿಯ ಅರಣ್ಯ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು. ಹೋಗುವಾಗ ನಿಮ್ಮ ಜಡ್ಡಿಯ ಮರದಿಂದ ಬಿದ್ದ ಒಂದು ಎಲೆಯನ್ನೂ ಒಯ್ಯಿರಿ.