ನಲವತ್ತರ ನಂತರ ಓಟವೋ, ವೇಗದ ನಡಿಗೆಯೋ?

ಬೆಳಗಾವಿ ಮೊದಲಿನಿಂದಲೂ ಓಟಗಾರರ ಊರು. ನಗರದಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಬಾಗಲಕೋಟೆ ರಸ್ತೆಯಲ್ಲಿ ಸುಮಾರು ಹತ್ತು ಕಿ.ಮೀ. ಬಂದರೆ ನಮ್ಮ ಸಾಂಬ್ರಾ. ಇಲ್ಲಿ ವಿಮಾನ ನಿಲ್ದಾಣದ ಜೊತೆಗೆ ವಾಯುಪಡೆಯ ತರಬೇತಿ ಶಾಲೆಯೂ ಇದೆ. ಸೈನ್ಯಕ್ಕೆ ಸೇರುವ ಕನಸಿನ ಹುಡುಗರು ನಸುಕಿನಲ್ಲಿ ರಸ್ತೆಯುದ್ದಕ್ಕೂ ಓಡುವುದು ಈ ಭಾಗದವರಿಗೆ ಹೊಸದಲ್ಲ. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಟದಲ್ಲಿ ಭಾರತದ ಪರವಾಗಿ 19ನೆಯ ಸ್ಥಾನ ಪಡೆದ ಫಡೆಪ್ಪ ಚೌಗುಲೆ ಈ ಬೆಳಗಾವಿಯವರೇ. ಅವರು 2 ಗಂಟೆ 50 ನಿಮಿಷಗಳಲ್ಲಿ ಗುರಿ ಮುಟ್ಟಿದ್ದರು.

ಆದರೆ ನಮ್ಮ ಮನೆಗಳ ನಲವತ್ತು, ಐವತ್ತು ದಾಟಿದ ಮಹಿಳೆಯರ ಪ್ರಶ್ನೆ ಬೇರೆ. ಶಾಲೆಯಲ್ಲಿ ತಾಯಂದಿರ ಸಭೆ ಮುಗಿದ ಮೇಲೆ ಮಾತು ಸಕ್ಕರೆ ಕಾಯಿಲೆ, ಬಿ.ಪಿ., ಮೊಣಕಾಲು ನೋವಿನತ್ತ ತಿರುಗದ ದಿನವೇ ಇಲ್ಲ. “ಡಾಕ್ಟರು ನಡೆಯಿರಿ ಅಂತಾರೆ, ಮಗ ಓಡು ಅಂತಾನೆ. ಈ ವಯಸ್ಸಿನಲ್ಲಿ ಓಡಿದರೆ ಮೊಣಕಾಲು ಉಳಿಯುತ್ತದೆಯೇ, ಆಪಾ?” ಎಂದು ಒಬ್ಬರು ಕೇಳಿದರು. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆಯೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಹೇಳಿದೆ. ಆದ್ದರಿಂದ ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ.

ನಡಿಗೆಯೂ ಒಂದು ಸ್ಪರ್ಧೆ

ನಡಿಗೆಯೆಂದರೆ ಕೈಲಾಗದವರ ವ್ಯಾಯಾಮ ಎಂಬ ಭಾವನೆ ಹಲವರಲ್ಲಿದೆ. ಅದು ಸರಿಯಲ್ಲ. ನಡಿಗೆ ಸ್ಪರ್ಧೆ ಅಂದರೆ ರೇಸ್ ವಾಕಿಂಗ್ ಒಲಿಂಪಿಕ್ಸ್‌ಗೆ ಬಂದದ್ದು 1908ರಲ್ಲಿ. ಮಹಿಳೆಯರಿಗೆ ಅದರ ಬಾಗಿಲು ತೆರೆದದ್ದು ಮಾತ್ರ 84 ವರ್ಷಗಳ ನಂತರ, 1992ರ ಬಾರ್ಸಿಲೋನಾದಲ್ಲಿ.

ಇದಕ್ಕೆ ಮುಖ್ಯವಾಗಿ ಎರಡು ನಿಯಮಗಳಿವೆ. ಯಾವಾಗಲೂ ಒಂದು ಪಾದ ನೆಲಕ್ಕೆ ತಾಗಿರಬೇಕು. ಎರಡೂ ಪಾದಗಳು ನೆಲ ಬಿಟ್ಟದ್ದು ತೀರ್ಪುಗಾರರ ಕಣ್ಣಿಗೆ ಬೀಳಬಾರದು. ಮುಂದಿಟ್ಟ ಕಾಲು ನೆಲ ಮುಟ್ಟಿದ ಕ್ಷಣದಿಂದ ದೇಹದ ನೇರ ಕೆಳಗೆ ಬರುವ ತನಕ ಮೊಣಕಾಲು ಬಾಗಬಾರದು. ನಿಯಮ ಮುರಿದರೆ ಕೆಂಪು ಕಾರ್ಡು ಬೀಳುತ್ತದೆ. ಸೊಂಟ ತಿರುಗಿಸುತ್ತಾ, ಮೊಣಕೈ ಮಡಚಿ ಬೀಸುತ್ತಾ ಹೋಗುವ ಆ ನಡಿಗೆ ನೋಡಲು ವಿಚಿತ್ರವೆನಿಸುವುದು ಈ ನಿಯಮಗಳಿಂದಲೇ.

2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತದ ಪ್ರಿಯಾಂಕಾ ಗೋಸ್ವಾಮಿ 10,000 ಮೀಟರ್ ದೂರವನ್ನು 43 ನಿಮಿಷ 38 ಸೆಕೆಂಡುಗಳಲ್ಲಿ ನಡೆದು ಬೆಳ್ಳಿ ಗೆದ್ದರು. ಒಂದು ಕಿ.ಮೀ.ಗೆ ಅವರಿಗೆ ಹಿಡಿದದ್ದು ನಾಲ್ಕೂವರೆ ನಿಮಿಷಕ್ಕಿಂತಲೂ ಕಡಿಮೆ. ನಮ್ಮಲ್ಲಿ ಹೆಚ್ಚಿನವರು ಓಡಿದರೂ ಆ ವೇಗ ಮುಟ್ಟಲಾರರು. ಕೇರಳದ ಮಲಪ್ಪುರಂನ ಕೆ.ಟಿ. ಇರ್ಫಾನ್ 2012ರ ಲಂಡನ್ ಒಲಿಂಪಿಕ್ಸ್‌ನ 20 ಕಿ.ಮೀ. ನಡಿಗೆಯಲ್ಲಿ ಹತ್ತನೆಯವರಾಗಿದ್ದರು.

ಹಿರಿಯರಿಗೂ ಇಲ್ಲಿ ಜಾಗವಿದೆ. 35 ವರ್ಷ ದಾಟಿದವರಿಗಾಗಿ ಮಾಸ್ಟರ್ಸ್ ಅಥ್ಲೆಟಿಕ್ಸ್ ಕೂಟಗಳು ನಡೆಯುತ್ತವೆ. ಐದೈದು ವರ್ಷಗಳ ವಯೋವರ್ಗ ಮಾಡುವುದರಿಂದ ಐವತ್ತೈದರ ಮಹಿಳೆ ಮೂವತ್ತೈದರವಳ ಜೊತೆ ಪೈಪೋಟಿ ಮಾಡಬೇಕಾಗಿಲ್ಲ. ಓಟದಂತೆ 5,000 ಮೀಟರ್ ನಡಿಗೆಯೂ ಅಲ್ಲಿರುತ್ತದೆ.

ದೇಹದ ಮೇಲಿನ ಹೊರೆ

ಓಡುವಾಗ ಪ್ರತಿ ಹೆಜ್ಜೆಗೂ ದೇಹ ಕ್ಷಣಕಾಲ ಗಾಳಿಯಲ್ಲಿದ್ದು ಮತ್ತೆ ನೆಲಕ್ಕೆ ಬೀಳುತ್ತದೆ. ಆಗ ಕಾಲಿನ ಮೇಲೆ ಬೀಳುವ ಬಲ ದೇಹದ ತೂಕದ ಎರಡರಿಂದ ಮೂರು ಪಟ್ಟು. 70 ಕಿಲೋ ತೂಕದವರಾದರೆ 140 ಕಿಲೋಗೂ ಹೆಚ್ಚು! ನಡಿಗೆಯಲ್ಲಿ ಈ ಬೀಳುವಿಕೆ ಇಲ್ಲದ ಕಾರಣ ಹೊರೆ ಬಹಳ ಕಡಿಮೆ. ತೂಕ ಹೆಚ್ಚಿರುವವರಿಗೆ, ವರ್ಷಗಳಿಂದ ವ್ಯಾಯಾಮ ಬಿಟ್ಟವರಿಗೆ ನಡಿಗೆಯೇ ಮೊದಲ ಮೆಟ್ಟಿಲಾಗಬೇಕು ಎನ್ನುವುದು ಇದಕ್ಕಾಗಿಯೇ.

ಹಾಗೆಂದು ಓಟವು ಮೊಣಕಾಲನ್ನು ಸವೆಸಿಬಿಡುತ್ತದೆ ಎಂದು ಹೆದರಬೇಕಾಗಿಲ್ಲ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸೊಂಟ ಮತ್ತು ಮೊಣಕಾಲಿನ ಸಂಧಿವಾತ ಹವ್ಯಾಸಿ ಓಟಗಾರರಲ್ಲಿ ಶೇ. 3.5, ಓಡದೆ ಕುಳಿತಿರುವವರಲ್ಲಿ ಶೇ. 10.2, ಸ್ಪರ್ಧೆಗಾಗಿ ಓಡುವವರಲ್ಲಿ ಶೇ. 13.3ರಷ್ಟು ಕಂಡುಬಂತು. ಮೊದಲೇ ಕಾಲು ಗಟ್ಟಿಯಿರುವವರೇ ಓಟಕ್ಕಿಳಿಯುತ್ತಾರೆ ಎಂಬುದನ್ನೂ ಇಲ್ಲಿ ಮರೆಯಬಾರದು. ಆದರೂ ಮಿತವಾದ ಓಟಕ್ಕಿಂತ ಕುಳಿತೇ ಇರುವುದು ಮೊಣಕಾಲಿಗೆ ಕ್ಷೇಮವೆಂದು ಹೇಳುವಂತಿಲ್ಲ.

ಮೂಳೆಯ ವಿಷಯದಲ್ಲಿ ಓಟದ ಕೈ ಮೇಲು. ಮುಟ್ಟು ನಿಂತ ಮೇಲೆ ಮಹಿಳೆಯರ ಮೂಳೆ ಬೇಗ ಟೊಳ್ಳಾಗುತ್ತದೆ. ನೆಲದ ಪೆಟ್ಟು ಮೂಳೆಗೆ ಗಟ್ಟಿಯಾಗಲು ಪ್ರಚೋದನೆ ಕೊಡುತ್ತದೆ. ಬರೀ ನಿಧಾನ ನಡಿಗೆಯಿಂದ ಅದು ಅಷ್ಟಾಗಿ ಸಿಗದು. ಆದ್ದರಿಂದ ನಡೆಯುವವರು ವಾರಕ್ಕೆರಡು ಸಲವಾದರೂ ಮೆಟ್ಟಿಲು ಹತ್ತುವುದು, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು ಮುಂತಾದ ಬಲದ ವ್ಯಾಯಾಮವನ್ನೂ ಸೇರಿಸಿಕೊಳ್ಳಬೇಕು. ಮೂಳೆ ಈಗಾಗಲೇ ತೀರಾ ದುರ್ಬಲವಾಗಿರುವವರು ಮಾತ್ರ ವೈದ್ಯರನ್ನು ಕೇಳದೆ ಓಡಕೂಡದು.

ಇನ್ನೊಂದು ತೊಂದರೆಯನ್ನು ನಾಚಿಕೆಯಿಂದ ಯಾರೂ ಹೇಳಿಕೊಳ್ಳುವುದಿಲ್ಲ. ಎರಡು ಮೂರು ಹೆರಿಗೆಯಾದ ಅನೇಕರಿಗೆ ಓಡುವಾಗ ಮೂತ್ರ ಸೋರುತ್ತದೆ. ವುಝೂ ಉಳಿಯುವುದಿಲ್ಲವೆಂಬ ಚಿಂತೆಯಲ್ಲಿ ಅವರು ವ್ಯಾಯಾಮವನ್ನೇ ಬಿಡುತ್ತಾರೆ. ನಡಿಗೆಯಲ್ಲಿ ಈ ತೊಂದರೆ ಕಡಿಮೆ. ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಸುಲಭ ವ್ಯಾಯಾಮದಿಂದ ಬಹಳ ಮಂದಿಗೆ ಗುಣ ಕಾಣುತ್ತದೆ. ಮಹಿಳಾ ವೈದ್ಯರ ಬಳಿ ಸಂಕೋಚಪಡದೆ ಹೇಳಿಕೊಳ್ಳಿರಿ.

ಹೃದಯಕ್ಕೆ ಯಾವುದು ಒಳ್ಳೆಯದು?

ಸುಮ್ಮನೆ ಕುಳಿತಾಗ ದೇಹ ಖರ್ಚು ಮಾಡುವ ಶಕ್ತಿಯನ್ನು ಒಂದು ಎಂದಿಟ್ಟುಕೊಂಡರೆ, ಸಾಧಾರಣ ನಡಿಗೆಗೆ ಸುಮಾರು ಮೂರೂವರೆ ಪಟ್ಟು, ರೇಸ್ ವಾಕಿಂಗ್‌ಗೆ ಆರೂವರೆ ಪಟ್ಟು, ಗಂಟೆಗೆ 8 ಕಿ.ಮೀ. ಓಟಕ್ಕೆ ಎಂಟು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಓಟ ಕಡಿಮೆ ಸಮಯದಲ್ಲಿ ಕೆಲಸ ಮುಗಿಸುತ್ತದೆ, ಅಷ್ಟೆ. 2013ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ 33 ಸಾವಿರ ಓಟಗಾರರನ್ನೂ ಸುಮಾರು 16 ಸಾವಿರ ನಡೆಯುವವರನ್ನೂ ಹೋಲಿಸಿತು. ಇಬ್ಬರೂ ಖರ್ಚು ಮಾಡಿದ ಶಕ್ತಿ ಸಮವಾಗಿದ್ದರೆ ರಕ್ತದೊತ್ತಡ, ಕೊಲೆಸ್ಟರಾಲ್, ಮಧುಮೇಹ, ಹೃದ್ರೋಗಗಳ ಅಪಾಯ ಎರಡರಿಂದಲೂ ಹೆಚ್ಚುಕಡಿಮೆ ಸಮನಾಗಿಯೇ ತಗ್ಗುತ್ತದೆ ಎಂದು ಕಂಡುಬಂತು.

ಆದರೆ ಅಕ್ಕಪಕ್ಕದವರೊಡನೆ ಹರಟುತ್ತಾ ಸಾಗುವುದು ವೇಗದ ನಡಿಗೆಯಲ್ಲ. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಅಳತೆ. ಇನ್ನೊಂದು ಸ್ವಾರಸ್ಯವಿದೆ. ಗಂಟೆಗೆ ಸುಮಾರು 7 ಕಿ.ಮೀ. ದಾಟಿದಾಗ ದೇಹ ತಾನಾಗಿಯೇ ಓಡಲು ಬಯಸುತ್ತದೆ. ಅದಕ್ಕೂ ಹೆಚ್ಚಿನ ವೇಗದಲ್ಲಿ ಹಟ ಹಿಡಿದು ನಡೆಯುವುದು ಓಡುವುದಕ್ಕಿಂತ ಕಷ್ಟ. ರೇಸ್ ವಾಕಿಂಗ್ ಸುಲಭದ ಕೆಲಸವಲ್ಲ ಎನ್ನಲು ಇದೇ ಕಾರಣ. ಮೊಣಕಾಲು ಬಾಗಿಸದ ಆ ನಡಿಗೆ ಹೊಸಬರಲ್ಲಿ ಮೊಣಕಾಲ ಕೆಳಗಿನ ಮುಂಭಾಗಕ್ಕೂ ತೊಡೆಯ ಹಿಂಭಾಗಕ್ಕೂ ನೋವು ತರಬಹುದು. ಸ್ಪರ್ಧೆಗೆ ಹೋಗುವವರು ಅದನ್ನು ಬಲ್ಲವರಿಂದ ಕಲಿಯಲಿ. ಆರೋಗ್ಯ ಬೇಕೆನ್ನುವವರಿಗೆ ಕೈಬೀಸಿ ಬಿರುಸಾಗಿ ನಡೆದರೆ ಸಾಕು.

ಹೇಗೆ ಆರಂಭಿಸಬೇಕು?

ಜಪಾನಿನ ಶಿನ್ಶು ವಿಶ್ವವಿದ್ಯಾಲಯದವರು ಹಿರಿಯರಿಗಾಗಿ ರೂಪಿಸಿದ ಒಂದು ಕ್ರಮ ನಮಗೂ ಹೊಂದುತ್ತದೆ. ಮೂರು ನಿಮಿಷ ಬಿರುಸಾಗಿ, ಮೂರು ನಿಮಿಷ ನಿಧಾನವಾಗಿ. ಹೀಗೆ ಐದು ಸಲ, ವಾರಕ್ಕೆ ನಾಲ್ಕು ದಿನ. ಐದು ತಿಂಗಳಲ್ಲಿ ಅವರ ತೊಡೆಯ ಬಲ ಹೆಚ್ಚಿ ರಕ್ತದೊತ್ತಡ ಇಳಿದದ್ದು 2007ರಲ್ಲಿ ಪ್ರಕಟವಾಗಿದೆ. ಇದನ್ನು ಎರಡು ಮೂರು ತಿಂಗಳು ಮಾಡಿ, ನೋವಿಲ್ಲದಿದ್ದರೆ ಬಿರುಸಿನ ನಡಿಗೆಯ ನಡುವೆ ಒಂದು ನಿಮಿಷದ ಓಟ ಸೇರಿಸಿಕೊಳ್ಳಬಹುದು.

ಚಪ್ಪಲಿ ಬೇಡ, ಹಿಮ್ಮಡಿ ಹಿಡಿದಿಡುವ ಬೂಟು ಇರಲಿ. ಬುರ್ಖಾದ ಅಂಚು ಪಾದಕ್ಕೆ ತೊಡರದಿರಲಿ. ಇನ್ಸುಲಿನ್ ಅಥವಾ ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೊರಡದೆ ಬೆಲ್ಲದ ತುಂಡನ್ನಾದರೂ ಜೊತೆಗಿಟ್ಟುಕೊಳ್ಳಲಿ. ಎದೆನೋವು, ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಬೇಕು. ಖಾನಾಪುರದ ಕಡೆಯ ಬಿಡದ ಮಳೆಯಲ್ಲಿ ಮನೆಯ ಪಡಸಾಲೆಯೇ ಮೈದಾನವಾಗಲಿ. ನಿಂತಲ್ಲೇ ಹೆಜ್ಜೆ ಹಾಕಿದರೂ ವ್ಯರ್ಥವಲ್ಲ.

ಜನ ಏನೆಂದಾರು?

ಬಹಳಷ್ಟು ಸಹೋದರಿಯರನ್ನು ತಡೆಯುವುದು ಮೊಣಕಾಲಲ್ಲ, ಈ ಪ್ರಶ್ನೆ. ಪ್ರವಾದಿ(ಸ)ರವರು ಪ್ರಯಾಣದ ನಡುವೆ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದ್ದರು, ಮೊದಲ ಸಲ ಆಯಿಶಾ ಗೆದ್ದರು, ಮೈ ತುಂಬಿಕೊಂಡ ಮೇಲೆ ಇನ್ನೊಮ್ಮೆ ಸೋತರು ಎಂಬ ಹದೀಸನ್ನು ನಾವು ಮದ್ರಸದಲ್ಲಿ ಓದಿದ್ದೇವೆ. ಅದನ್ನು ಮನೆಯ ಗಂಡಸರಿಗೂ ಒಮ್ಮೆ ನೆನಪಿಸೋಣ. ಹಜ್ಜ್‌ಗೆ ಹೊರಡುವವರು ಯೋಚಿಸಲಿ: ಸಫಾ ಮತ್ತು ಮರ್ವಾಗಳ ನಡುವಿನ ಏಳು ಸುತ್ತು ಸೇರಿದರೆ ಮೂರು ಕಿ.ಮೀ.ಗೂ ಹೆಚ್ಚು. ಹಣ ಕೂಡಿಸಿದಂತೆ ಕಾಲಿನ ಶಕ್ತಿಯನ್ನೂ ವರ್ಷಗಳ ಮೊದಲೇ ಕೂಡಿಸಬೇಕು.

ಇಬ್ಬರು ಮೂವರು ನೆರೆಯವರು ಜೊತೆಗೂಡಿದರೆ ನಾಯಿಯ ಭಯವೂ ಇಲ್ಲ, ಜನರ ಬಾಯಿಯ ಭಯವೂ ಇಲ್ಲ. ಅತ್ತೆಯನ್ನು ಸೊಸೆ ಕರೆದೊಯ್ಯಲಿ, ತಾಯಿಯನ್ನು ಮಗಳು. ಆ ಅರ್ಧ ಗಂಟೆ ಒಲೆಯ ಮುಂದೆ ಮನೆಯ ಇನ್ನೊಬ್ಬರು ನಿಲ್ಲಲಿ. ಓಟವೋ ನಡಿಗೆಯೋ ಎಂಬುದನ್ನು ನಿಮ್ಮ ಮೊಣಕಾಲು, ನಿಮ್ಮ ತೂಕ, ನಿಮ್ಮ ವೈದ್ಯರು ಸೇರಿ ತೀರ್ಮಾನಿಸಲಿ. ಹೊಸ್ತಿಲು ದಾಟುವ ತೀರ್ಮಾನ ಮಾತ್ರ ನಿಮ್ಮದೇ.